ರಾಯರು ಕೂತ ಜಾಗ

ಪತ್ರೀಪೂಲ್ ಸೇತುವೆಯ ಟ್ರಾಫಿಕ್ಕಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಸರಿದಾಗ, ಅನಂತರಾಮ ಹೆಂಡತಿಯ ಮುಖ ನೋಡದೆ ಕಾರಿನ ಹೀಟರ್ ಹಾಕಿದ. ಮೇ ತಿಂಗಳ ಬಿಸಿಲು. ಸಾಲದ್ದಕ್ಕೆ ಭಾಗೀರಥಿಯ ಕಾಲಿಗೆ ಒಲೆ ಉರಿ ತಗುಲಿದಂತೆ ಬಿಸಿಗಾಳಿ ಬಡಿಯಿತು.

"ಎಂಜಿನ್ನಿನ ಬಿಸಿ ಒಂಚೂರು ಈ ಕಡೆ ಬರಲಿ ಅಂತ," ಎಂದ.

"ಬರಲಿ ಬರಲಿ. ಈ ಕಡೆ ನಾನಿದ್ದೀನಲ್ಲ," ಎಂದು ಭಾಗೀರಥಿ ನೆರಿಗೆ ಎತ್ತಿಕೊಂಡು ಪಾದದ ಮೇಲೆ ಪಾದ ಇಟ್ಟು ಕೂತಳು.

ಅದು ಅವರ ಮದುವೆಗಿಂತ ಹಳೆಯದಾದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವನು ಲೋಕನಾಥ. ಡೊಂಬಿವಲಿ ಸ್ಟೇಷನ್ ಹತ್ತಿರ ಅವನ ಹೋಟೆಲು, ಜೊತೆಗೆ ಇವರೆಲ್ಲ ಇರುವ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಓಡದ ಗಾಡಿ ಕಾಂಪೌಂಡಿನಲ್ಲಿ ಇರಕೂಡದೆಂದು ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಇವತ್ತು ಅದರ ಪರೀಕ್ಷೆ: ಪಕ್ಕದೂರು ಕಲ್ಯಾಣಕ್ಕೆ ಹೋಗಿ ಎಂಜಿನ್ ಕುದಿಯದೆ ವಾಪಸ್ ಬಂದರೆ ಕಾರು ಉಳಿಯುತ್ತದೆ. ಕುದಿದರೆ ಅಲ್ಲಿಂದಲೇ ಭಿವಂಡಿಯ ಭಂಗಾರ್‌ಗೆ, ಅಂದರೆ ಗುಜರಿಗೆ. ರಿಟೈರಾದ ಮೇಲೆ ಅನಂತರಾಮ ಹಾಸಿಗೆ ಬಿಟ್ಟು ಏಳುತ್ತಿದ್ದುದೇ ಆ ಕಾರಿನ ಕೆಳಗೆ ಹೋಗಿ ಮಲಗುವುದಕ್ಕೆ. ಅದೂ ಇಲ್ಲವಾದರೆ ಈ ಮನುಷ್ಯ ಯಾತಕ್ಕೆ ಎದ್ದಾನು ಎಂಬುದೇ ಭಾಗೀರಥಿಯ ಹೆದರಿಕೆ.

ಲೋಕನಾಥ ಸ್ಕೂಟರನ್ನು ಪಕ್ಕಕ್ಕೆ ತಂದ. "ಎಂತ ಅನಂತಣ್ಣ, ಇಡ್ಲಿ ಬೆಂದಿತಾ? ಭಂಗಾರ್‌ವಾಲನಿಗೆ ಫೋನ್ ಮಾಡ್ಲಾ?"

"ಇನ್ನೂ ಹಬೆ ಬಂದಿಲ್ಲ ಕಣಯ್ಯ."

"ಬರ್ತದೆ ಮಾರಾಯ್ರೆ, ಗಡಿಬಿಡಿ ಎಂತದು? ನನ್ನ ಹೋಟೆಲಿನ ಬಾಯ್ಲರಿಗೂ ಇಷ್ಟು ಸ್ಪೀಡ್ ಇಲ್ಲ."

ಅನಂತರಾಮ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಆರಿಸಿದರೆ ಬಿಸಿ ಇನ್ನೂ ಏರುತ್ತದೆಂದು ಎಂಜಿನ್ ಓಡುತ್ತಲೇ ಇತ್ತು. ರೇಡಿಯೇಟರ್, ಪಂಪು, ಫ್ಯಾನು, ರಬ್ಬರ್ ಪೈಪು ಎಲ್ಲವನ್ನೂ ಅವನು ಬದಲಾಯಿಸಿಯಾಗಿತ್ತು. ಭಾಗೀರಥಿಯೂ ಸುಮ್ಮನಿರಲಿಲ್ಲ. ಗಂಡನ ಹಾರ್ಟ್ ಆಪರೇಷನ್ ಆದ ಮೇಲೆ ಕಾರಿನ ಮುಂದಿನ ಜಾಲರಿಗೆ 'ರಾಯರಿದ್ದಾರೆ' ಎಂದು ಕೆತ್ತಿದ ಅಗಲವಾದ ಹಿತ್ತಾಳೆಯ ಫಲಕ ಹಾಕಿಸಿದ್ದಳು. ಕಾರು ಕುದಿದಾಗಲೆಲ್ಲ ಅದರ ಮೇಲಿನ ಚೆಂಡುಹೂವಿನ ಹಾರ ಇನ್ನಷ್ಟು ದಪ್ಪವಾಗುತ್ತಿತ್ತು. ಇವತ್ತಂತೂ ಜೋಡಿ ಹಾರ.

ಅವಳು ಕೆಳಗಿಳಿದು, ಚೀಲದಿಂದ ಊದುಬತ್ತಿ ತೆಗೆದು ಹಚ್ಚಿ, ಫಲಕದ ಮುಂದೆ ಹಿಡಿದಳು. ಹೊಗೆ ಫಲಕಕ್ಕೆ ತಾಗಿ ನೆಟ್ಟಗೆ ಮೇಲೆದ್ದು ಅವಳ ಮೂಗಿಗೇ ಬಂತು. ಸೀನಿ ಪಕ್ಕಕ್ಕೆ ಸರಿದಳು. ಫಲಕ ಮುಗಿದು ಜಾಲರಿ ಬೆರಳಗಲ ಕಾಣುವ ಕಡೆ ಅದೇ ಹೊಗೆ ಸರ್ರನೆ ಒಳಗೆ ಹೋಯಿತು. ಭಾಗೀರಥಿ ಮತ್ತೆ ಫಲಕದ ಮುಂದೆ ಹಿಡಿದಳು: ಮೇಲೆ. ಮತ್ತೆ ಅಂಚಿಗೆ: ಒಳಗೆ. ಏನೋ ವಿಶೇಷ ಪೂಜೆಯೆಂದು ತಿಳಿದ ಲೋಕನಾಥ ಹೆಲ್ಮೆಟ್ ತೆಗೆದು ಕೈಮುಗಿದ.

"ರೀ, ಗಾಳಿ ಒಳಗೆ ಹೋಗೋದು ಈ ಜಾಲರಿಯಿಂದ ತಾನೆ?"

"ಹೂಂ," ಎಂದ ಅನಂತರಾಮ, ಸ್ಟೀರಿಂಗ್ ನೋಡುತ್ತ.

"ಅದರ ಬಾಯಿಗೇ ಫಲಕ ಬಡಿಸಿದ್ದೀನಲ್ರೀ ನಾನು! ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಿತ್ತು."

"ಯಾವಾಗಿಂದ?"

"ಹಾಕಿಸಿದ ದಿನದಿಂದ. ನಾನು ಬದುಕಿ ಬಂದೆ ಅಂತ ನೀನು ಹಾಕಿಸಿದ್ದು, ಭಾಗೀ. ಅದನ್ನ ಕಿತ್ತು ಹಾಕು ಅಂತ ಯಾವ ಬಾಯಲ್ಲಿ ಹೇಳಲಿ?"

"ಅದಕ್ಕೆ ನನ್ನ ಕಾಲು ಬೇಯಿಸಿದ್ರಾ?"

"ಕಾಲು ಸುಡುತ್ತೆ ಅಂತ ನೀನೂ ಒಂದು ದಿನ ಬಾಯಿಬಿಡಲಿಲ್ಲವಲ್ಲ."

ಭಾಗೀರಥಿ ಒಂದು ಕ್ಷಣ ಗಂಡನನ್ನೇ ನೋಡಿದಳು. ಕಾರು ಹೋದರೂ ಹೋಗಲಿ ಎಂದುಕೊಂಡೇ ಈ ಮುದುಕ ಮನೆ ಬಿಟ್ಟಿದ್ದ. ಆಮೇಲೆ ಹಾರ ತೆಗೆದು ಲೋಕನಾಥನ ಕೈಗೆ ಕೊಟ್ಟಳು. "ನಿಮ್ಮ ಹತ್ರ ಸ್ಕ್ರೂಡ್ರೈವರ್ ಇದೆಯೇನಪ್ಪಾ?"

ಲೋಕನಾಥ ಕಾರನ್ನು ನೋಡಿದ, ಮುಳ್ಳನ್ನು ನೋಡಿದ. ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾರವನ್ನು ಕೊರಳಿಗೆ ಹಾಕಿಕೊಂಡು ಸ್ಕೂಟರಿನ ಡಿಕ್ಕಿ ತೆರೆದ. "ಉಂಟು ಅಕ್ಕ. ನೀವು ಬಿಡಿ, ಬಿಸಿ ಉಂಟು, ನಾನೇ ಬಿಚ್ತೇನೆ."

ಫಲಕ ಕೈಗೆ ಬಂತು. ಇನ್ನೊಬ್ಬರು ಕೂರಲು ಕಾರಿನಲ್ಲಿ ಜಾಗವಿರಲಿಲ್ಲ. ಭಾಗೀರಥಿ ಅದನ್ನು ಹಿಂದಿನ ಬಂಪರಿಗೆ ದಾರದಿಂದ ಬಿಗಿದು, ತಪ್ಪಾಯಿತೆಂದು ಕೆನ್ನೆ ತಟ್ಟಿಕೊಂಡು, ಒಳಗೆ ಬಂದು ಕೂತು, ಯಾರನ್ನೂ ಕೇಳದೆ ಹೀಟರ್ ಆರಿಸಿದಳು. ಟ್ರಾಫಿಕ್ ಸಡಿಲವಾಯಿತು. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಕಲ್ಯಾಣ ಮುಟ್ಟಿ ತಿರುಗಿ ಬರುವವರೆಗೂ ಅದು ಮತ್ತೆ ತಲೆ ಎತ್ತಲಿಲ್ಲ.

ಸೊಸೈಟಿಯ ಗೇಟಿನಲ್ಲಿ ಲೋಕನಾಥ ಸ್ಕೂಟರ್ ನಿಲ್ಲಿಸಿದ. ಚೆಂಡುಹೂವಿನ ಹಾರ ಇನ್ನೂ ಅವನ ಕೊರಳಲ್ಲೇ ಇತ್ತು. ದಾರಿಯುದ್ದಕ್ಕೂ ಕಣ್ಣೆದುರಿಗಿದ್ದ ಫಲಕಕ್ಕೆ ಕೈಮುಗಿದು, "ಸೋತೆ ಅಕ್ಕ. ಏನೇ ಹೇಳಿ, ರಾಯರ ಮಹಿಮೆ!" ಎಂದ.

"ಹೌದಪ್ಪಾ," ಎಂದಳು ಭಾಗೀರಥಿ, ಸುಟ್ಟ ಪಾದಕ್ಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. "ದಾರಿ ಬಿಟ್ಟರಲ್ಲ, ಅದೇ ದೊಡ್ಡ ಮಹಿಮೆ."