ಬಿಡುಗಡೆಯ ಹಾಡು

ರಾಗದ್ವೇಷಗಳನ್ನು ಗೆದ್ದ ಜಿನೇಶ್ವರನಿಗೆ ಶರಣು. ಅವನ ಸನ್ನಿಧಿಯಲ್ಲಿ ಹಗೆಯ ಕಥೆ ಹೇಳಹೊರಟ ನಾಲಿಗೆಯನ್ನು ಅವನೇ ಮನ್ನಿಸಲಿ.

ಜಾಹೀರಾತು ತಯಾರಿಸುವ ಸಜೀವನಿಗೆ ಕೊಡುವ ನೀರನ್ನು ರತ್ನಮ್ಮನವರು ಎರಡು ಸಲ ಸೋಸಿದರು. ಹಗೆಯವನ ಲೋಟದಲ್ಲೂ ಒಂದು ಹುಳು ಸಾಯಬಾರದು.

ಅವನು ನೆಮ್ಮದಿಯಾಗಿ ಕುಡಿದ. ಹಿಂದೊಮ್ಮೆ ಈ ಮನೆಗೆ ಬಂದದ್ದು ಅವನಿಗೆ ನೆನಪಿತ್ತು. ಆಮೇಲೆ ಈ ಮನೆಯಲ್ಲಿ ನಡೆದದ್ದು ಗೊತ್ತಿರಲಿಲ್ಲ. ಬಸದಿಯ ಹಾಡುಗಳನ್ನು ಕಾಪಿಡುವುದಕ್ಕೆಂದು ಹೇಳಿ, ರತ್ನಮ್ಮನವರ ಪತಿ ವಿಮಲನಾಥರಿಂದ ಅಂದು ಕ್ಷಮಾಸ್ತುತಿಯನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದ. ಇರುವೆಯಿಂದ ಆನೆಯವರೆಗೆ ಸಕಲ ಜೀವಗಳ ಕ್ಷಮೆ ಬೇಡುವ ಸ್ತುತಿ ಅದು. ವಿಮಲನಾಥರು ಅದನ್ನು ಮತ್ತೆ ಕೇಳಿದ್ದು ಪುಲ್ಪಳ್ಳಿ ಪೇಟೆಯ ಟಿವಿ ಅಂಗಡಿಯ ಮುಂದೆ, ಸೊಳ್ಳೆ ಕೊಲ್ಲುವ ವಿದ್ಯುತ್ ಯಂತ್ರದ ಜಾಹೀರಾತಿನಲ್ಲಿ. ಒಂದೊಂದು ಸೊಳ್ಳೆ ಚಟ್ಟನೆ ಸುಟ್ಟುಹೋದಾಗಲೂ ಅವರದೇ ಆಲಾಪ. ನಿಂತು ನೋಡುತ್ತಿದ್ದವರು ನಕ್ಕಿದ್ದರು. ಅಂದಿನಿಂದ ವಿಮಲನಾಥರು ಬಸದಿಯ ಮೆಟ್ಟಿಲು ಹತ್ತಲಿಲ್ಲ, ಹಾಡಲಿಲ್ಲ. ಅನ್ನ ಸೇರದೆ ಸೊರಗಿ ತೀರಿಕೊಂಡರು.

ಈಗ ಸಜೀವನ ಅಂಗೈಯಲ್ಲಿ ಕಡಲೆಕಾಳಿನಂಥ ಇಯರ್‌ಫೋನ್. ಇದಕ್ಕೂ ಹಳೆಯ ಕಾಲದ ಹಾಡೊಂದು ಬೇಕು, ಅರ್ಥವಾಗದಿದ್ದರೆ ಇನ್ನೂ ಚೆಂದ ಎಂದ. ಮಲಯಾಳಿಯಾದರೂ ಮೈಸೂರಿನಲ್ಲಿ ಓದಿದವನು, ಕನ್ನಡ ಸಲೀಸಾಗಿತ್ತು.

ಮಗಳು ಸುಪ್ರಿಯಾ ಒಳಗಿನಿಂದ ಬಂದು ಅವನಿಗೆ ಬಾಗಿಲು ತೋರಿಸಿದಳು. ರತ್ನಮ್ಮನವರು ಕಣ್ಣಲ್ಲೇ ಅವಳನ್ನು ತಡೆದರು.

"ಯಾವ ಸಂದರ್ಭಕ್ಕೆ, ಮೋನೇ?" ಅವನ ಭಾಷೆಯಲ್ಲೇ ಮಗನೇ ಎಂದು ಕರೆದು ಕೇಳಿದರು.

"ಬಿಡುಗಡೆಗೆ, ಅಮ್ಮಾ. ಕಲ್ಪೆಟ್ಟದಲ್ಲಿ ದೊಡ್ಡ ಸಮಾರಂಭ."

"ಬಿಡುಗಡೆಯ ಹಾಡೇ ಇದೆ. ಪ್ರಾಕೃತದ್ದು. ಬೇರೆ ಹೊತ್ತಿನಲ್ಲಿ ಹಾಡುವುದಿಲ್ಲ. ಕಿವಿಯಲ್ಲೇ ಹೇಳುವಂಥದ್ದು."

"ಕಿವಿಯಲ್ಲೇ? ನಮಗೆಂದೇ ಮಾಡಿಟ್ಟ ಹಾಗಿದೆಯಲ್ಲ. ಕೇಳಿದವರಿಗೆ ಹಿಡಿಸುತ್ತದಾ?"

"ಈವರೆಗೆ ಒಬ್ಬರೂ ದೂರಿಲ್ಲ."

ಎರಡೇ ಷರತ್ತು ಹಾಕಿದರು. ಬಸದಿಯ ಹಿರಿಯರನ್ನೂ ಸಮಾರಂಭಕ್ಕೆ ಕರೆಯಬೇಕು. ಕೊನೆಯ ಸಾಲು ಕೇಳಿದವರಿಗೆಲ್ಲ ಆಶೀರ್ವಾದ, ಅದನ್ನು ಕತ್ತರಿಸಬಾರದು. ಆಶೀರ್ವಾದ ಯಾರಿಗೆ ಬೇಡವೆಂದು ಸಜೀವ್ ನಕ್ಕ. ರತ್ನಮ್ಮನವರು ಕಣ್ಣು ಮುಚ್ಚಿ ಹಾಡಿದರು, ಅವನು ಧ್ವನಿಮುದ್ರಿಸಿಕೊಂಡ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ವ್ಯಾಪಾರಿಗಳು ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆದೂಗಿದರು. ಹಾಡು ಸ್ಪೀಕರುಗಳಲ್ಲೂ ಮೊಳಗಿತು. ಹಿಂದಿನ ಸಾಲಿನಲ್ಲಿ ಬಸದಿಯ ಹಿರಿಯರು ಚಪ್ಪಲಿ ಕಳಚಿ, ಕೈಮುಗಿದು ಎದ್ದು ನಿಂತರು. ಸಜೀವ್ ಹಿಗ್ಗಿದ. ಅವರಲ್ಲೊಬ್ಬರು ಅವನ ಬಳಿಗೆ ಬಂದು ದನಿ ತಗ್ಗಿಸಿ ಕೇಳಿದರು:

"ಯಾರಪ್ಪಾ ಹೊರಟಿರುವುದು?"

ಅವನು ಬಾಗಿಲ ಕಡೆ ನೋಡಿ, ಯಾರೂ ಹೊರಟಿಲ್ಲವಲ್ಲ ಎಂದ. ಅಷ್ಟರಲ್ಲಿ ಇಯರ್‌ಫೋನ್ ಕಂಪನಿಯ ಮಾಲೀಕ ವೇದಿಕೆಯ ಮೇಲೆ ಕೂರಿಸಿದ್ದ ರತ್ನಮ್ಮನವರ ಕೈಗೆ ಮೈಕು ಕೊಟ್ಟು, ಆ ಆಶೀರ್ವಾದದ ಅರ್ಥವನ್ನು ಸಭೆಗೆ ತಿಳಿಸಬೇಕೆಂದು ಕೇಳಿಕೊಂಡ. ಸಜೀವನಿಗೆ ಹಾಡುವ ಮೊದಲು ಆ ಸಾಲನ್ನು ಅವರು ಕೊನೆಯ ಸಲ ಉಸುರಿದ್ದು ಗಂಡನ ಕಿವಿಯಲ್ಲಿ. ಸಜೀವನನ್ನೇ ನೋಡುತ್ತ, ಎಲ್ಲರಿಗೂ ತಿಳಿಯಲೆಂದು ಮಲಯಾಳದಲ್ಲಿ ನಿಧಾನವಾಗಿ ಹೇಳಿದರು:

"ಸಾಯುವವರ ಕಿವಿಯಲ್ಲಿ ನಾವು ಹೇಳುವ ಮಾತಿದು: ಕೇಳಿದ ನಿಮಗೆಲ್ಲರಿಗೂ ಸುಖಮರಣ ಪ್ರಾಪ್ತಿಯಾಗಲಿ."