ಫ್ರಿಜ್ಜಿನ ಬೆನ್ನು

ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ಕರೆಸುವವರನ್ನು ಮೆಕ್ಯಾನಿಕ್ ಮಸ್ತಾನ್ ದಿನವೂ ನೋಡುತ್ತಿದ್ದ. ಅದರ ಹಿಂಭಾಗ ಬಿಸಿಯಾಗುತ್ತಿಲ್ಲ ಎಂದು ಕರೆಸಿದವರು ಈ ಅಜ್ಜಿಯೊಬ್ಬರೇ.

"ಎರಡೂ ಒಂದೇ ಅಮ್ಮಾ. ಒಳಗಿನ ಬಿಸೀನ ಎಳ್ಕೊಂಡು ಹಿಂದೆ ಬಿಡೋದೇ ಇದರ ಕೆಲಸ. ಮೋಟಾರು ನಿಂತರೆ ಒಳಗೆ ತಂಪೂ ಇಲ್ಲ, ಹಿಂದೆ ಬಿಸೀನೂ ಇಲ್ಲ."

ಬಾಗಿಲು ತೆಗೆದ. ಒಳಗಿದ್ದದ್ದು ಒಂದೇ ಒಂದು ಹಾಲಿನ ಪ್ಯಾಕೆಟ್ಟು. ಅದೂ ಉಬ್ಬಿಕೊಂಡಿತ್ತು.

"ಹಾಲು ಕೆಟ್ಟಿದೆ."

"ಕೆಡಲಿ ಬಿಡಪ್ಪ. ನಾನು ಹಾಲು ಮುಟ್ಟೋಳಲ್ಲ."

ಮಸ್ತಾನ್‌ಗೆ ತಲೆಬುಡ ತಿಳಿಯಲಿಲ್ಲ. ಸುಟ್ಟುಹೋಗಿದ್ದ ರಿಲೇ ಬದಲಾಯಿಸಿದ. ಮೋಟಾರು ಗುಂಯ್ ಎಂದಿತು.

"ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಕೈಯಿಟ್ಟು ನೋಡಿ."

ಆಕೆ ಒಳಗೆ ಕಣ್ಣೂ ಹಾಯಿಸಲಿಲ್ಲ. ಹಿಂದಕ್ಕೆ ಹೋಗಿ, ಕಪ್ಪು ಜಾಲರಿಯ ಮೇಲೆ ಅಂಗೈ ಇಟ್ಟು, ಬೆಚ್ಚಗಾಗುವವರೆಗೂ ಹಾಗೇ ನಿಂತರು. ಆಮೇಲೆ ಹಳೇ ಸೀರೆಯೊಂದನ್ನು ಮಡಚಿ ಅಲ್ಲೇ ನೆಲಕ್ಕೆ ಹಾಸಿ, ಹಿತ್ತಲ ಬಾಗಿಲನ್ನು ಅರ್ಧ ತೆರೆದಿಟ್ಟರು.

"ಇದೆಲ್ಲ ಯಾಕಮ್ಮಾ?"

"ಇದರ ಬೆನ್ನು ತಣ್ಣಗಾದ ಮೇಲೆ, ಪಕ್ಕದ ಮನೆ ಬೆಕ್ಕೂ ಈ ಕಡೆ ತಲೆ ಹಾಕಿಲ್ಲಪ್ಪ."