ಕೆಂಪು ಮುಚ್ಚಳದ ಟ್ಯೂಬು

ತಂಗಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡಿದ್ದೇ ತಡ, ಅಕ್ಕ ಮಹಡಿಯಿಂದ ಕೆಳಗಿಳಿದಳು. ತಂಗಿಯ ದಿಂಬಿನಡಿಯ ಕೆಂಪು ಮುಚ್ಚಳದ ಟ್ಯೂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತನ್ನ ಹಸಿರು ಮುಚ್ಚಳದ್ದನ್ನು ಅಲ್ಲಿಟ್ಟು ಮೇಲೇರಿದಳು. ನಡುಮೆಟ್ಟಿಲಲ್ಲಿ ಮೀನಖಂಡ ಹಿಂಡಿತು. ನಿಂತಳು, ಹಲ್ಲು ಕಚ್ಚಿದಳು, ಮತ್ತೆ ಹತ್ತಿದಳು.

ಇಬ್ಬರಿಗೂ ಒಂದೇ ಕಾಯಿಲೆ. ಕಾಲಿನ ರಕ್ತನಾಳ ಕಟ್ಟಿಕೊಂಡು ಪಾದ ತಣ್ಣಗಾಗಿತ್ತು. ಹೀಗೇ ಬಿಟ್ಟರೆ ಕಾಲು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಅಷ್ಟು ಕೇಳಿದ ಮೇಲೆ ಅವರ ಉಳಿದ ಮಾತು ಇಬ್ಬರ ಕಿವಿಗೂ ಬೀಳಲಿಲ್ಲ.

ಆಗ ಒಬ್ಬೊಬ್ಬರಿಗೆ ಒಂದೊಂದು ಟ್ಯೂಬು ತಂದವಳು ಆಸ್ಪತ್ರೆಗೆ ಜೊತೆಗೆ ಬಂದಿದ್ದ ಅಣ್ಣನ ಮಗಳು, ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. "ಕಣ್ಣಿಗೇ ಕಾಣದ ನ್ಯಾನೋ ಕಣಗಳು ಅತ್ತೆ. ಒಳಗಿಳಿದು ಹೊಸ ರಕ್ತನಾಳ ಚಿಗುರಿಸ್ತವೆ. ಆದ್ರೆ ಔಷಧಿ ಒಂದರಲ್ಲಿ ಮಾತ್ರ. ಇನ್ನೊಂದು ಬರೀ ಮುಲಾಮು, ಹೋಲಿಸಿ ನೋಡೋಕೆ. ಯಾವುದು ಯಾವುದಂತ ಕೇಳ್ಬೇಡಿ. ಅದಲುಬದಲು ಮಾತ್ರ ಮಾಡ್ಲೇಬೇಡಿ."

ಚಿಕ್ಕಂದಿನಿಂದ ಒಳ್ಳೆಯದೆಲ್ಲ ತಂಗಿಯ ಪಾಲಿಗೇ ಎಂದು ಅಕ್ಕ ಕದ್ದಳು. ಅಕ್ಕ ಸುಮ್ಮಸುಮ್ಮನೆ ಮೆಟ್ಟಿಲಿಳಿಯುವವಳಲ್ಲ, ಔಷಧಿ ಕೆಂಪಿನಲ್ಲೇ ಎಂದು ತಂಗಿ ಲೆಕ್ಕ ಹಾಕಿದಳು. ಅಕ್ಕ ತೂಕಡಿಸುವಾಗ ಮೇಲೇರಿ ವಾಪಸು ತಂದಳು. ಅದರಿಂದ ಅಕ್ಕನಿಗೆ ಇನ್ನೂ ಖಾತ್ರಿಯಾಯಿತು. ದಿನವೂ ಬೆಳಿಗ್ಗೆ ಇವಳು, ಮಧ್ಯಾಹ್ನ ಅವಳು, ಮೆಟ್ಟಿಲು ಹತ್ತಿಳಿದದ್ದೇ ಹತ್ತಿಳಿದದ್ದು. ಅಜ್ಜಿಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದಂತೆ ಇಬ್ಬರ ಪ್ರಾಣವೂ ಆ ಮುಚ್ಚಳದಡಿ ಸೇರಿಕೊಂಡಿತು.

"ಕಾಲು ಹೇಗಿದ್ಯೇ?" ಊಟದ ಮೇಜಿನಲ್ಲಿ ಅಕ್ಕ ಕೇಳುತ್ತಿದ್ದಳು.

"ಇದ್ದ ಹಾಗೇ ಇದೆ ಅಕ್ಕ. ನಿಂದು?"

"ನಂದೂ ಅಷ್ಟೇ. ಯಾಕೋ ಸೊರಗಿದ್ದೀಯ."

"ಮಧ್ಯಾಹ್ನ ನಿದ್ದೆ ಇಲ್ಲ ನೋಡು."

ಕಾಲಿನ ವಿಷಯದಲ್ಲಿ ಇಬ್ಬರದೂ ಸುಳ್ಳು. ಪಾದ ಬೆಚ್ಚಗಾಗುತ್ತಿತ್ತು, ನೋವು ಹಿಂದೆಗೆದಿತ್ತು. ಬಾಯಿಬಿಟ್ಟರೆ ಗುಟ್ಟು ರಟ್ಟಾಗುತ್ತದಲ್ಲ.

ಕೆಲವು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಇಬ್ಬರ ಕಾಲಲ್ಲೂ ಕಟ್ಟಿದ ನಾಳವನ್ನು ಸುತ್ತಿ ಹಾದು ಹೊಸ ಕವಲುಗಳು ಹೊರಟಿದ್ದವು. ಕಾಲು ತೆಗೆಯುವ ಮಾತು ಅಲ್ಲಿಗೆ ಮುಗಿಯಿತು.

ಹೊರಗೆ ಬರುತ್ತಲೇ ಅಕ್ಕ ಅಣ್ಣನ ಮಗಳ ತೋಳು ಹಿಡಿದಳು. "ಈಗಲಾದ್ರೂ ಹೇಳು. ಔಷಧಿ ಇದ್ದಿದ್ದು ಕೆಂಪಲ್ಲೇ ತಾನೆ?"

"ಆ ಔಷಧಿ ಇನ್ನೂ ಇಲಿಗಳನ್ನೇ ದಾಟಿಲ್ಲ ದೊಡ್ಡತ್ತೆ, ಎರಡರಲ್ಲೂ ಇದ್ದಿದ್ದು ಬರೀ ಮುಲಾಮು. ದಿನಾ ನೋವು ಬರೋವರೆಗೂ ನಡೀರಿ, ಹೊಸ ನಾಳ ತಾನಾಗೇ ಬೆಳೆಯುತ್ತೆ ಅಂತ ಡಾಕ್ಟ್ರು ಅಷ್ಟು ಬಡ್ಕೊಂಡ್ರು, ನೀವಿಬ್ರು ಕೇಳಿದ್ರಾ?"